ಎಟಿಎಂಗೆ ದುಡ್ಡು ತುಂಬಲು ವ್ಯಾನ್ ಬರುತ್ತದೆ, ನನಗೆ?

ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಬ್ಯಾಂಕ್ ಮಿತ್ರ, ಅಂದ್ರೆ ಬ್ಯಾಂಕಿನ ಪರವಾಗಿ ಊರಲ್ಲೇ ಜನರಿಗೆ ದುಡ್ಡು ಕೊಡುವವಳು, ಜಮಾ ಮಾಡಿಸಿಕೊಳ್ಳುವವಳು. ನಮಗೆ ಹತ್ತಿರದ ಎಟಿಎಂ ಅಂದ್ರೆ 14 ಕಿಲೋಮೀಟರ್. ಬಸ್ಸು ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ವಾ ಅಂತ ಕೇಳಬೇಡಿ, ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ, ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. 2000 ರೂಪಾಯಿ ಬಿಡಿಸಲು ಹೋಗಿ, ಒಂದು ದಿನದ ಕೂಲಿ ಕಳೆದುಕೊಂಡು, ಮಿಷನ್ನಿನಲ್ಲಿ ದುಡ್ಡಿಲ್ಲ ಅಂತ ಬರಿಗೈಲಿ ವಾಪಸ್ ಬಂದವರು ಎಷ್ಟೋ ಜನ.

2019ರಲ್ಲಿ ಈ ಕೆಲಸಕ್ಕೆ ಬೇಕಾದ ಐಐಬಿಎಫ್ ಪರೀಕ್ಷೆ ಪಾಸು ಮಾಡಿ ಜಗಲಿಯಲ್ಲಿ ಟೇಬಲ್ ಹಾಕಿದೆ. ಒಂದು ಲ್ಯಾಪ್‌ಟಾಪ್, ಬೆರಳಚ್ಚಿನ ಮಿಷನ್, ಚೀಟಿ ಪ್ರಿಂಟರ್. ಆಧಾರ್ ನಂಬರ್ ಹಾಕಿ ಬೆರಳಿಟ್ಟರೆ ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು, ಖಾತೆ ಬೇರೆ ಬ್ಯಾಂಕಿನದಾದರೂ ನಡೆಯುತ್ತದೆ. ಕೇಳಲು ಸುಲಭ.

ಮೊದಲ ಅಡಿಕೆ ಸುಲಿತದ ಹಂಗಾಮಿನಲ್ಲೇ ಗೊತ್ತಾಯಿತು. ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಸುಲಿದವರ ಬೆರಳು ಚೊಗರು, ಅಂದ್ರೆ ಅಡಿಕೆಯ ರಸದ ಕಲೆ, ಹಿಡಿದು ಕಪ್ಪಾಗಿರುತ್ತದೆ, ತುಂಬ ಗೀರು, ರೇಖೆಯೇ ಇಲ್ಲ. ಒಬ್ಬ ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿಗೆ ಬಂದವರು ಆರು ಸಲ ಬೆರಳಿಟ್ಟರು. ಆಗಲಿಲ್ಲ. "ಮಿಷನ್ನಿಗೂ ನನ್ನ ಗುರ್ತ ಸಿಕ್ತಿಲ್ಲ ನೋಡು ತಂಗಿ" ಅಂದ್ರು. ಕೈ ತೊಳೆಸಿ, ಒರೆಸಿ, ಎಣ್ಣೆ ಹಚ್ಚಿದ ಅವರ ತಲೆಗೂದಲಿಗೇ ಉಂಗುರದ ಬೆರಳನ್ನು ಒಮ್ಮೆ ಉಜ್ಜಿಸಿ ಇಡಿಸಿದೆ. ಚೀಟಿ ಬಂತು! ಒಣಗಿದ ಬೆರಳಿಗೆ ಸ್ವಲ್ಪ ಪಸೆ ಬೇಕು, ಮತ್ತೆ ಉಂಗುರದ ಬೆರಳು ಸವೆಯುವುದು ಕಮ್ಮಿ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಈಗ ಯಾರ ಯಾವ ಬೆರಳು ಹಿಡಿಯುತ್ತದೆ ಅಂತ ನನಗೆ ಬಾಯಿಪಾಠ.

ಆದರೆ ನಿಜವಾದ ತಲೆನೋವು ಬೆರಳಲ್ಲ, ನೋಟು. ಅಜ್ಜಿಯ ಖಾತೆಯಿಂದ 1200 ಕಡಿತವಾದರೆ ಆ ದುಡ್ಡು ನನ್ನ ಖಾತೆಗೆ ಬಂದು ಬೀಳುತ್ತದೆ, ನೋಟು ಮಾತ್ರ ನನ್ನ ಡ್ರಾಯರ್‌ನಿಂದ ಹೋಗಬೇಕು. ಸಂಘದಲ್ಲಿ ಸಾಲ ತೆಗೆದು 30,000 ಇಟ್ಟುಕೊಂಡು ಶುರು ಮಾಡಿದ್ದೆ. ಹನ್ನೊಂದು ಗಂಟೆಗೆ ಖಾಲಿ. ಎಟಿಎಂ ಖಾಲಿಯಾದರೆ ವ್ಯಾನ್ ಬರುತ್ತದೆ, ನಾನು ಖಾಲಿಯಾದರೆ ನಾನೇ ಪೇಟೆಗೆ ಹೋಗಬೇಕು. ಮೂರು ಸಾವಿರ ಕೊಟ್ಟರೆ ನನಗೆ ಸಿಗುವ ಕಮಿಷನ್ ಹತ್ತು ರೂಪಾಯಿ ಚಿಲ್ಲರೆ, ಪೆಟ್ರೋಲಿಗೇ ಸಾಲದು.

ಹಾಗಿದ್ದಾಗ ಒಂದು ಸಂಜೆ ನಮ್ಮೂರ ದಿನಸಿ ಅಂಗಡಿ ಅಣ್ಣ ನೋಟು ಎಣಿಸುತ್ತಾ ಕೂತಿದ್ದು ಕಂಡಿತು. ಸಾಗರದ ಹೋಲ್‌ಸೇಲ್‌ನವರಿಗೆ ಕಟ್ಟಲು ಅವರು ವಾರಕ್ಕೆರಡು ಸಲ ಅದನ್ನು ಹೊತ್ತುಕೊಂಡು ಹೋಗುತ್ತಿದ್ದರು. ನಾನು ನೋಟು ತರಲು ಹೋಗುವುದು, ಅವರು ನೋಟು ಕೊಡಲು ಹೋಗುವುದು, ಇಬ್ಬರೂ ಒಂದೇ ದಾರಿಯಲ್ಲಿ! "ಅಣ್ಣ, ಇಲ್ಲೇ ಜಮಾ ಮಾಡಿ, ಅವರಿಗೆ ಫೋನಲ್ಲೇ ಕಳಿಸಿ" ಅಂದೆ. ಮೊದಲು ನಂಬಲಿಲ್ಲ. ಐನೂರು ಜಮಾ ಮಾಡಿ, ಮೆಸೇಜ್ ಬಂದ ಮೇಲೂ ಪೇಟೆಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿಕೊಂಡು ಬಂದರು. ಆಮೇಲೆ ದಿನಾ ಸಂಜೆ ಬರತೊಡಗಿದರು, ಹಿಟ್ಟಿನ ಗಿರಣಿಯವರೂ ಸೇರಿಕೊಂಡರು. ಬೆಳಿಗ್ಗೆ ನಾನು ಕೊಟ್ಟ ಚೊಗರು ಹತ್ತಿದ ಐನೂರರ ನೋಟು ಅದೇ ಸಂಜೆ ಅಂಗಡಿ ಅಣ್ಣನ ಕಟ್ಟಿನಲ್ಲಿ ವಾಪಸ್ ಬಂದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಪೇಟೆಗೆ ಹೋಗುವುದು ವಾರಕ್ಕೆ ನಾಲ್ಕು ಸಲದಿಂದ ಒಂದಕ್ಕೆ ಇಳಿಯಿತು.

ಈ ಕೆಲಸಕ್ಕೆ ಬರುವವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬೆರಳಿಟ್ಟ ಮೇಲೆ ನೆಟ್‌ವರ್ಕ್ ಹೋಗಿ, ಖಾತೆಯಲ್ಲಿ ಕಡಿತವಾಗಿ ಇಲ್ಲಿ ಚೀಟಿ ಬರದೇ ಇರುವುದು ಇದ್ದದ್ದೇ. ಆಗ ಸುಮ್ನೆ ಮತ್ತೆ ಬೆರಳಿಡಿಸಬೇಡಿ, ಎರಡು ಸಲ ಕಡಿತವಾದರೆ ಊರೆಲ್ಲ ಸುದ್ದಿ. ದಿನ, ಹೊತ್ತು, ಮೊತ್ತ ಬರೆದಿಟ್ಟು ದೂರು ಹಾಕಿ. ರಿಸರ್ವ್ ಬ್ಯಾಂಕಿನ 2019ರ ಆದೇಶದ ಪ್ರಕಾರ ಆ ದಿನ ಬಿಟ್ಟು ಐದು ದಿನದೊಳಗೆ ದುಡ್ಡು ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಬ್ಬರಿಗೆ ಹೀಗಾದಾಗ ನಾನು ಕನಿಕರಪಟ್ಟು ಕೈಯಿಂದಲೇ 2000 ಕೊಟ್ಟೆ. ಮೂರನೇ ದಿನ ಅವರ ಖಾತೆಗೆ ವಾಪಸ್ ಬಂತು, ಅವರಿಂದ ನನಗೆ ಬರಲು ಎರಡು ತಿಂಗಳು ಹಿಡಿಯಿತು. ಅದೂ ಕಂತಿನಲ್ಲಿ!

ಗೃಹಲಕ್ಷ್ಮಿ ದುಡ್ಡು ಬಿದ್ದ ದಿನ ಮಾತ್ರ ಯಾವ ಲೆಕ್ಕಾಚಾರವೂ ನಡೆಯುವುದಿಲ್ಲ. ಜಗಲಿ ತುಂಬ ಜನ, ದಿನಸಿ ಅಂಗಡಿಯ ಕಟ್ಟು ಯಾವ ಮೂಲೆಗೂ ಸಾಲದು. ಆಗ ಸ್ಕೂಟಿ ತೆಗೆದುಕೊಂಡು ಪೇಟೆಗೆ ಹೋಗಲೇಬೇಕು. ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ.