ಅಭ್ಯಾಸ ನೆಲೆಗೊಳ್ಳಬೇಕೇ? ಗಡಿಯಾರ ಬಿಡಿ, ಸಂದರ್ಭ ಹಿಡಿಯಿರಿ

ಯುಗಾದಿ ಕಳೆದ ವಾರ ಲಾಲ್‌ಬಾಗ್‌ನಲ್ಲಿ ಬೆಳಗಿನ ನಡಿಗೆಗೆ ಬರುವ ಹೊಸಬರಲ್ಲಿ ಹೆಚ್ಚಿನವರು ತಿಂಗಳೊಪ್ಪತ್ತಿನಲ್ಲಿ ಕಾಣೆಯಾಗುತ್ತಾರೆ ಮತ್ತು ತಮ್ಮ ಮನಸ್ಸೇ ಗಟ್ಟಿಯಿಲ್ಲವೆಂದು ಹಳಿದುಕೊಳ್ಳುತ್ತಾರೆ. ನಾನು ಕಂಡಂತೆ ಅವರ ಮನಸ್ಸಿನಲ್ಲಿ ದೋಷವಿರುವುದಿಲ್ಲ, ಯೋಜನೆಯಲ್ಲಿರುತ್ತದೆ.

ಮೊದಲ ಹಂತ ಸುಲಭ: ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿ, ಚಿಕ್ಕದಾದಷ್ಟೂ ಒಳ್ಳೆಯದು.

ಎಲ್ಲರೂ ಎಡವುವುದು ಎರಡನೆಯ ಹಂತದಲ್ಲಿ. ‘ಸಂಜೆ 7ಕ್ಕೆ ನಡೆಯುತ್ತೇನೆ’ ಎಂದು ನಿಶ್ಚಯಿಸಿದವರ ಬಸ್ಸು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತರೆ ಆ 7 ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಹೊಸ ಕೆಲಸವನ್ನು ಗಂಟೆಗೆ ಜೋಡಿಸದೆ, ಈಗಾಗಲೇ ತಪ್ಪದೆ ನಡೆಯುವ ಇನ್ನೊಂದು ಕೆಲಸಕ್ಕೆ ಜೋಡಿಸಿ: ಮೆಟ್ರೊ ಇಳಿದ ಕೂಡಲೇ ಆಟೊ ಹತ್ತದೆ ಮನೆಯವರೆಗೆ ನಡೆಯುವುದು, ಹಾಲನ್ನು ಒಲೆಯ ಮೇಲಿಟ್ಟ ಕೂಡಲೇ ಒಂದು ಲೋಟ ನೀರು ಕುಡಿಯುವುದು. ಆ ಹಳೆಯ ಕೆಲಸ ನೀವು ಹೊಸ ಅಭ್ಯಾಸ ಮಾಡಬೇಕೆಂದಿರುವ ದಿನಗಳಲ್ಲೆಲ್ಲ ನಡೆಯುವಂಥದ್ದಾಗಿರಬೇಕು, ಹೊಸದನ್ನು ಮಾಡಬೇಕಾದ ಜಾಗದಲ್ಲೇ ಮುಗಿಯಬೇಕು, ಮುಗಿದ ಕ್ಷಣ ಸ್ಪಷ್ಟವಾಗಿ ತಿಳಿಯಬೇಕು. ‘ಊಟವಾದ ಮೇಲೆ’ ಎಂಬುದು ಅರ್ಧ ಗಂಟೆ ಎಳೆಯಬಹುದು. ‘ತಟ್ಟೆ ತೊಳೆದಿಟ್ಟ ಮೇಲೆ’ ಎಂಬುದಕ್ಕೆ ಆ ತೊಂದರೆಯಿಲ್ಲ. ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರಿಯ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಸಾಧಿಸುತ್ತಾರೆಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಲ್ಲೇ ವಿವರಿಸಿದ್ದಾರೆ. ಆ ವಾಕ್ಯವನ್ನು ಕಾಗದದ ಮೇಲೆ ಬರೆಯಿರಿ. ದಿನಗಳ ಸರಪಳಿ ಎಣಿಸುವ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಸರಪಳಿ ಒಮ್ಮೆ ಕಡಿದರೆ ಜನ ಅಭ್ಯಾಸವನ್ನೇ ಕೈಬಿಡುತ್ತಾರೆ.

ಕೆಟ್ಟ ಅಭ್ಯಾಸ ಬಿಡುವಾಗ ಇದೇ ದಾರಿಯನ್ನು ಹಿಂದಿನಿಂದ ನಡೆಯಬೇಕು. ಸಂಜೆ 4ಕ್ಕೆ ಕಚೇರಿಯ ಪಕ್ಕದ ಬೇಕರಿಗೆ ಕಾಲು ತಾನಾಗಿ ಹೊರಟರೆ, ಒಂದು ವಾರ ತಡೆಯದೆ ಗಮನಿಸಿ: ಹಸಿವಿತ್ತೇ, ಬೇಸರವಿತ್ತೇ, ಜೊತೆಗೆ ಯಾರಿದ್ದರು? ಬೇಕಾಗಿದ್ದದ್ದು ಕುರ್ಚಿಯಿಂದ ಏಳುವುದು ಮತ್ತು ಗೆಳೆಯರೊಡನೆ ನಾಲ್ಕು ಮಾತು ಎಂದು ಗೊತ್ತಾದರೆ, ಆ ಬಿಡುವನ್ನೂ ಗೆಳೆಯರನ್ನೂ ಉಳಿಸಿಕೊಂಡು ಪಫ್ ಬದಲು ಹುರಿದ ಕಡಲೆಕಾಯಿ ತಿನ್ನಿ. ‘ಡೈಜೆಸ್ಟಿವ್’ ಎಂಬ ಹೆಸರು ನಂಬಿ ಬಿಸ್ಕತ್ತಿಗೆ ಬದಲಾಗಬೇಡಿ. ಪೊಟ್ಟಣದ ಹಿಂಬದಿಯಲ್ಲಿ ಸಕ್ಕರೆ, ಎಣ್ಣೆಗಳ ಪ್ರಮಾಣ ಓದಿ ನೋಡಿ. ರಾತ್ರಿ ಮೊಬೈಲ್ ನೋಡುವುದನ್ನು ಬಿಡಲು ಚಾರ್ಜರನ್ನು ಹಜಾರದಲ್ಲಿಟ್ಟು, ಅಲಾರಂ ಗಡಿಯಾರವೊಂದನ್ನು ಕೊಂಡರೆ ಸಾಕು.

21 ದಿನಗಳಲ್ಲಿ ಅಭ್ಯಾಸವಾಗುತ್ತದೆಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸ ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ಹಾನಿಯಾಗಲಿಲ್ಲ.

ತಂಬಾಕು, ಮದ್ಯಗಳಿಗೆ ಈ ಕ್ರಮವೊಂದೇ ಸಾಲದು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿರುವುದರಿಂದ ಮೊದಲು ವೈದ್ಯರನ್ನು ಕಾಣಲೇಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ, ಮೊಬೈಲ್ ಗೀಳಿಗೆ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ಕೂ ಇದೆ.