ಹಿತ್ತಲ ನಲ್ಲಿ ಸೋರುತ್ತಿದೆಯೇ? ಬಿಗಿಯಾಗಿ ತಿರುಗಿಸುವ ಮುಂಚೆ ಇದನ್ನು ಓದಿ

ಕೋಲಾರದಲ್ಲಿ ವರ್ಷವಿಡೀ ನಿಲ್ಲದೆ ನೀರು ಬಿಡುವ ಹಕ್ಕು ಇರುವುದು ಅಂತರಗಂಗೆ ಬೆಟ್ಟದ ಕಲ್ಲುಬಸವನಿಗೆ ಮಾತ್ರ. ನಮ್ಮ ಹಿತ್ತಲ ನಲ್ಲಿಗೆ ಆ ಹಕ್ಕಿಲ್ಲ. ಆದರೂ ಯಾವ ಬೀದಿಗೆ ಹೋಗಿ ನೋಡಿ, ಒಂದಲ್ಲ ಒಂದು ಕಾಂಪೌಂಡಿನೊಳಗೆ ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ಅದರ ಬಾಯಿಗೆ ಬಟ್ಟೆ ಚೂರು ಕಟ್ಟಿರುತ್ತಾರೆ. ಇಲ್ಲವೇ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿರುತ್ತಾರೆ. ಕೇಳಿದರೆ ‘ಬಾಳೆ ಗಿಡಕ್ಕೆ ಹೋಗುತ್ತಲ್ಲ, ಬಿಡಿ’ ಅನ್ನುತ್ತಾರೆ.

ಎಷ್ಟು ಹೋಗುತ್ತಿದೆ ಎಂದು ಒಮ್ಮೆ ಅಳೆದು ನೋಡಿ. ರಾತ್ರಿ ಮಲಗುವಾಗ ನಲ್ಲಿ ಕೆಳಗೆ 10 ಲೀಟರಿನ ಬಕೆಟ್ ಇಡಿ. ಎಂಟು ಗಂಟೆಯಲ್ಲಿ ಅರ್ಧ ತುಂಬಿತು ಅನ್ನಿ. ದಿನಕ್ಕೆ 15 ಲೀಟರ್, ತಿಂಗಳಿಗೆ 450, ವರ್ಷಕ್ಕೆ 5,400 ದಾಟುತ್ತದೆ. ಹತ್ತಿರ ಹತ್ತಿರ ಒಂದು ಟ್ಯಾಂಕರ್ ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ ಸಂಪಿಗೆ, ಸಂಪಿನಿಂದ ಮಹಡಿ ಮೇಲಿನ ಟ್ಯಾಂಕಿಗೆ, ಹೀಗೆ ಎರಡೆರಡು ಸಲ ಕರೆಂಟು ಸುಟ್ಟು ಏರಿಸಿದ ನೀರು ಅದು. ಜೊತೆಗೆ ನಲ್ಲಿ ಕೆಳಗೆ ನಿಂತ ತಿಳಿನೀರು ಡೆಂಗಿ ಸೊಳ್ಳೆಗೆ ಬೇಕಾದ ಜಾಗ.

ರಿಪೇರಿ ಕಷ್ಟದ್ದಲ್ಲ. ಹೆಚ್ಚಿನ ಸಲ ಹೋಗಿರುವುದು ಕೆಲವೇ ರೂಪಾಯಿಯ ಒಂದು ರಬ್ಬರ್ ವಾಷರ್. ಆದರೆ ನಾವು ಮಾಡುವ ಮೊದಲ ಕೆಲಸವೇ ತಪ್ಪು. ನೀರು ನಿಲ್ಲಲಿಲ್ಲ ಎಂದು ಇನ್ನೂ ಬಿಗಿಯಾಗಿ ತಿರುಗಿಸುತ್ತೇವೆ. ಸವೆದ ವಾಷರ್ ಮತ್ತಷ್ಟು ಹರಿಯುತ್ತದೆ. ಆಮೇಲೆ ಒಳಗಿನ ಹಿತ್ತಾಳೆಗೂ ಗೀರು ಬೀಳುತ್ತದೆ. ವಾಷರ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಹೊಸ ನಲ್ಲಿಗೆ ಹೋಗಿ ನಿಲ್ಲುತ್ತದೆ.

ಎಲ್ಲಿಂದ ಸೋರುತ್ತಿದೆ?

ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮುಂಚೆ ನಲ್ಲಿಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಐದು ನಿಮಿಷ ಸುಮ್ನೆ ನೋಡಿ. ನಲ್ಲಿ ಮುಚ್ಚಿದ್ದರೂ ಬಾಯಿಂದ ಹನಿ ಬೀಳುತ್ತಿದ್ದರೆ ವಾಷರ್ ಹೋಗಿದೆ. ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ನೀರು ಒಸರುತ್ತಿದ್ದರೆ ದೋಷ ಹಿಡಿಯಿಂದ ನಲ್ಲಿಯೊಳಕ್ಕೆ ಇಳಿಯುವ ಕಡ್ಡಿಯ ಸುತ್ತಲಿನ ಪ್ಯಾಕಿಂಗ್‌ನದು. ಗೋಡೆಯಲ್ಲಿ ನಲ್ಲಿ ಕೂರುವ ಜಾಗ ಒದ್ದೆಯಾಗುತ್ತಿದ್ದರೆ ಥ್ರೆಡ್‌ನ ಟೇಪ್ ಸಡಿಲವಾಗಿದೆ. ನಲ್ಲಿಯ ಮೈಯೇ ಬಿರುಕು ಬಿಟ್ಟಿದ್ದರೆ ರಿಪೇರಿ ಮಾತೇ ಬೇಡ, ಬದಲಾಯಿಸಿ. ಬಿಸಿಲಲ್ಲಿ ವರ್ಷಗಟ್ಟಲೆ ಒಣಗಿದ ಅಗ್ಗದ ಪ್ಲಾಸ್ಟಿಕ್ ನಲ್ಲಿಗಳ ಗತಿ ಸಾಮಾನ್ಯವಾಗಿ ಇದೇ. ಅದಕ್ಕೆ ಎಂ-ಸೀಲ್ ಮೆತ್ತಿ ಕೂರುವುದು ದಂಡ.

ಮೊದಲು ನೀರು ನಿಲ್ಲಿಸಿ

ಹಿತ್ತಲ ನಲ್ಲಿಗೆ ನೀರು ಟ್ಯಾಂಕಿನಿಂದ ಬರುತ್ತಿದೆಯೋ, ನಗರಸಭೆ ಲೈನಿನಿಂದ ನೇರ ಬರುತ್ತಿದೆಯೋ ತಿಳಿದುಕೊಳ್ಳಿ. ಎಷ್ಟೋ ಹಳೇ ಮನೆಗಳಲ್ಲಿ ಇದು ಮನೆಯವರಿಗೇ ಗೊತ್ತಿರುವುದಿಲ್ಲ. ನಗರಸಭೆ ಲೈನಾದರೆ ನೀರು ಬಿಡದ ದಿನ ಕೆಲಸಕ್ಕೆ ಇಳಿಯಿರಿ. ನಮ್ಮ ಊರುಗಳಲ್ಲಿ ಅಂಥ ದಿನಗಳಿಗೆ ಬರವಿಲ್ಲ! ಟ್ಯಾಂಕಿನದಾದರೆ ಮಹಡಿ ಮೇಲೆ ಟ್ಯಾಂಕಿನ ಬುಡದಲ್ಲಿರುವ ವಾಲ್ವ್ ಮುಚ್ಚಿ. ಮೋಟಾರ್ ತಾನಾಗಿ ಓಡುವಂತೆ ಆಟೊಮ್ಯಾಟಿಕ್ ಹಾಕಿಸಿದ್ದರೆ ಅದರ ಸ್ವಿಚ್ಚನ್ನೂ ಆಫ್ ಮಾಡಿ.

ಇಲ್ಲೊಂದು ಎಚ್ಚರಿಕೆ. ವರ್ಷಗಳಿಂದ ಯಾರೂ ಮುಟ್ಟದ ಗೇಟ್ ವಾಲ್ವ್ ಉಪ್ಪು ಕಟ್ಟಿ ಹಿಡಿದುಕೊಂಡಿರುತ್ತದೆ. ರೆಂಚ್ ಹಾಕಿ ಬಲವಂತ ಮಾಡಿದರೆ ಅದರ ಕಡ್ಡಿ ಮುರಿಯುತ್ತದೆ, ಇಡೀ ಮನೆಗೆ ನೀರಿಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಅಲ್ಲಾಡಿಸಿ. ಜಗ್ಗದಿದ್ದರೆ ಬಿಟ್ಟುಬಿಡಿ. ಟ್ಯಾಂಕ್ ಖಾಲಿಯಾಗುವ ಹೊತ್ತು ನೋಡಿಕೊಂಡು, ಮೋಟಾರ್ ಹಾಕುವ ಮುಂಚೆ ಕೆಲಸ ಮುಗಿಸಿ. ನೀರು ನಿಂತ ಮೇಲೆ ನಲ್ಲಿ ತೆರೆದು ಪೈಪಿನಲ್ಲಿ ಉಳಿದದ್ದನ್ನು ಬಕೆಟ್ಟಿಗೆ ಹಿಡಿದುಕೊಳ್ಳಿ.

ವಾಷರ್ ಬದಲಾಯಿಸುವುದು

ಸಾಮಾನು ಜಾಸ್ತಿ ಬೇಡ. ಅಡ್ಜಸ್ಟಬಲ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟೆಫ್ಲಾನ್ ಟೇಪ್, ಹಳೇ ಹಲ್ಲುಜ್ಜುವ ಬ್ರಷ್ ಸಾಕು.

ನಲ್ಲಿಯನ್ನು ಅರ್ಧ ತೆರೆದ ಸ್ಥಿತಿಯಲ್ಲೇ ಇಡಿ. ಪೂರ್ತಿ ಮುಚ್ಚಿ ಬಿಚ್ಚಲು ಹೋದರೆ ವಾಷರ್ ಒಳಗೆ ಒತ್ತಿಕೊಂಡಿರುತ್ತದೆ, ತಲೆಭಾಗ ಜಗ್ಗುವುದಿಲ್ಲ. ಹಿಡಿ ಅಡ್ಡ ಬಂದರೆ ಅದರ ಸ್ಕ್ರೂ ತೆಗೆದು ಮೇಲೆತ್ತಿ. ಈಗ ಹಿಡಿಯ ಕೆಳಗೆ ಆರು ಮೂಲೆಯ ದೊಡ್ಡ ನಟ್ಟು ಕಾಣುತ್ತದೆ. ಒಂದು ಕೈಯಲ್ಲಿ ನಲ್ಲಿಯ ಮೈ ಗಟ್ಟಿಯಾಗಿ ಹಿಡಿದು, ಇನ್ನೊಂದರಲ್ಲಿ ಸ್ಪ್ಯಾನರ್ ಹಾಕಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಮೈ ಹಿಡಿಯದೆ ತಿರುಗಿಸಿದರೆ ಇಡೀ ನಲ್ಲಿ ಗೋಡೆಯಲ್ಲಿ ತಿರುಗುತ್ತದೆ. ಆಗ ಒಂದು ಸೋರಿಕೆ ಎರಡಾಗುತ್ತದೆ.

ತಲೆಭಾಗ ಹೊರಗೆ ಬಂದಾಗ ತುದಿಯಲ್ಲಿ ಪುಟ್ಟ ಹಿತ್ತಾಳೆ ಬಿಲ್ಲೆ, ಅದರ ಕೆಳಗೆ ವಾಷರ್ ಇರುತ್ತದೆ. ಕೆಲವು ನಲ್ಲಿಗಳಲ್ಲಿ ಬಿಲ್ಲೆ ಒಳಗೇ ಉಳಿದುಬಿಡುತ್ತದೆ, ಪ್ಲೇಯರ್‌ನಿಂದ ಎತ್ತಿಕೊಳ್ಳಿ. ವಾಷರ್ ಮೇಲೆ ಆಳವಾದ ಉಂಗುರದ ಗುರುತೋ, ಹರಿದ ಅಂಚೋ ಕಂಡರೆ ಕಳ್ಳ ಸಿಕ್ಕ ಹಾಗೆ. ಮನೆಯ ನಲ್ಲಿಗಳು ಸಾಮಾನ್ಯವಾಗಿ ಅರ್ಧ ಇಂಚಿನವು. ಆದರೂ ಅಂಗಡಿಯಲ್ಲಿ ‘ಅರ್ಧ ಇಂಚು ವಾಷರ್ ಕೊಡಿ’ ಎಂದಷ್ಟೇ ಕೇಳಬೇಡಿ. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ತನ್ನಿ.

ಬಿಳಿ ಪೊರೆಯೇ ನಿಜವಾದ ಶತ್ರು

ಹೊಸ ವಾಷರ್ ಹಾಕಿ ಮುಚ್ಚಿಬಿಡುವ ಆತುರ ಬೇಡ. ನಮ್ಮ ಜಿಲ್ಲೆಯ ಬೋರ್ ನೀರು ಗಡಸು. ಪಾತ್ರೆ, ಗೀಸರ್, ಸೋಲಾರ್ ಎಲ್ಲದಕ್ಕೂ ಹಿಡಿಯುವ ಬಿಳಿ ಪೊರೆ ನಲ್ಲಿಯೊಳಗೂ ಹಿಡಿದಿರುತ್ತದೆ. ವಾಷರ್ ಕೂರುವ ಒಳಗಿನ ಹಿತ್ತಾಳೆ ಬಳೆಯ ಮೇಲೆ ಈ ಪೊರೆ ಸಾಸಿವೆಯಷ್ಟು ಉಳಿದರೂ ಸಾಕು, ಅಲ್ಲೊಂದು ಸಂದು ಬಿಟ್ಟು ನೀರು ಜಾರುತ್ತದೆ. ವಾಷರ್ ಹಾಕಿದ ತಿಂಗಳೊಳಗೆ ಮತ್ತೆ ಸೋರುವುದಕ್ಕೆ ಇದೇ ಕಾರಣ ಇರಬಹುದು. ಬೈಸಿಕೊಳ್ಳುವವನು ಮಾತ್ರ ವಾಷರ್ ಕೊಟ್ಟ ಅಂಗಡಿಯವನು.

ಬಿಚ್ಚಿದ ಹಿತ್ತಾಳೆ ಭಾಗಗಳನ್ನು ನಿಂಬೆ ಉಪ್ಪು ಕರಗಿಸಿದ ನೀರಿನಲ್ಲೋ, ವಿನೆಗರ್‌ನಲ್ಲೋ ಅರ್ಧ ಗಂಟೆ ನೆನೆಸಿ. ಗುಳ್ಳೆ ಏಳುತ್ತಾ ಪೊರೆ ಬಿಡುತ್ತದೆ. ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹುಣಸೆಹಣ್ಣು ಹಿತ್ತಾಳೆಗೆ ಹೊಳಪು ಕೊಡುತ್ತದೆ ನಿಜ, ಆದರೆ ಸುಣ್ಣದ ಪೊರೆಗೆ ನಿಂಬೆ ಉಪ್ಪೇ ವಾಸಿ. ಬಾತ್‌ರೂಮ್ ಆ್ಯಸಿಡ್ ಮಾತ್ರ ಸುರಿಯಬೇಡಿ, ಪೊರೆಯ ಜೊತೆ ಲೋಹವನ್ನೂ ತಿನ್ನುತ್ತದೆ.

ಗೋಡೆಯಲ್ಲೇ ಉಳಿದ ಮೈಯೊಳಗಿನ ಬಳೆಯನ್ನು ನಿಂಬೆ ಉಪ್ಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ. ಆಮೇಲೆ ಬೆರಳು ಆಡಿಸಿ. ನುಣ್ಣಗಿದ್ದರೆ ಸರಿ. ಸಣ್ಣ ತರಿ ತಾಗಿದರೆ ನಯವಾದ ಎಮರಿ ಪೇಪರನ್ನು ಪೆನ್ಸಿಲ್ ತುದಿಗೆ ಸುತ್ತಿ ಹಗುರವಾಗಿ ತೀಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಎಷ್ಟು ವಾಷರ್ ಹಾಕಿದರೂ ಅಷ್ಟೇ. ಹೊಸ ನಲ್ಲಿ ತನ್ನಿ.

ಎಲ್ಲ ಸರಿಯಿದ್ದರೆ ಬಿಚ್ಚಿದ ಕ್ರಮದ ಉಲ್ಟಾ ಜೋಡಿಸಿ. ನಟ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಥ್ರೆಡ್ ಹಿಡಿಸಿ, ಕೊನೆಗೆ ಸ್ಪ್ಯಾನರ್‌ನಿಂದ ಒಂದು ಬಿಗಿ ಕೊಡಿ.

ಹಿಡಿಯ ಬುಡದಲ್ಲಿ ಒಸರಿದರೆ

ಇದು ಇನ್ನೂ ಸುಲಭ. ಕಡ್ಡಿಯ ಸುತ್ತ ಇರುವ ಚಿಕ್ಕ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ನೀರು ಬಂದ್ ಮಾಡಿ ಆ ನಟ್ಟು ಮೇಲೆತ್ತಿ. ಟೆಫ್ಲಾನ್ ಟೇಪನ್ನು ದಾರದ ಹಾಗೆ ಹುರಿ ಮಾಡಿ ಕಡ್ಡಿಗೆ ಮೂರ್ನಾಲ್ಕು ಸುತ್ತು ಸುತ್ತಿ, ಒಳಗೆ ಒತ್ತಿ, ನಟ್ಟು ಕೂರಿಸಿ. ಹಿಡಿ ತಿರುಗಿಸಲು ಕೈ ನೋಯುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ, ಸ್ವಲ್ಪ ಸಡಿಲಿಸಿ. ಕಡ್ಡಿಗೆ ರಬ್ಬರ್ ಉಂಗುರ ಇರುವ ನಲ್ಲಿಯಾದರೆ ಆ ಉಂಗುರವನ್ನೇ ಬದಲಾಯಿಸಬೇಕು.

ಗೋಡೆಯ ಜಾಯಿಂಟ್

ಇಲ್ಲಿ ಕೈ ಹಗುರ ಇರಲಿ. ಗೋಡೆಯೊಳಗಿನ ಪೈಪು ಪಿವಿಸಿಯದಾದರೆ, ಜೋರು ಮಾಡಿದಾಗ ಒಳಗಿನ ಎಲ್ಬೋ (ಪೈಪು ತಿರುಗುವ ಮೂಲೆಯ ಜೋಡಣೆ) ಬಿರುಕು ಬಿಡುತ್ತದೆ. ಆಮೇಲೆ ಗೋಡೆ ಒಡೆಯಬೇಕು. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾಗಿ, ತುಕ್ಕು ಉದುರುತ್ತಿದ್ದರೆ ಮುಟ್ಟಬೇಡಿ, ಪ್ಲಂಬರ್‌ಗೆ ಹೇಳಿ.

ಪೈಪು ಗಟ್ಟಿಮುಟ್ಟಾಗಿದೆ ಅನ್ನಿಸಿದರೆ ನಲ್ಲಿಯನ್ನು ನಿಧಾನವಾಗಿ ಪೂರ್ತಿ ಬಿಚ್ಚಿ. ಥ್ರೆಡ್ ಮೇಲಿನ ಹಳೇ ಟೇಪ್, ಸೆಣಬು ಎಲ್ಲ ಕೆರೆದು ತೆಗೆಯಿರಿ. ಥ್ರೆಡ್ ಇರುವ ತುದಿ ನಿಮ್ಮ ಮುಖದ ಕಡೆ ಬರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ಟೇಪ್ ಎಳೆದು ಹತ್ತರಿಂದ ಹದಿನೈದು ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪೆಲ್ಲ ಸುರುಳಿಯಾಗಿ ಹೊರಗೆ ಬರುತ್ತದೆ. ಬಾಯಿ ನೆಟ್ಟಗೆ ಕೆಳಮುಖವಾಗುವ ಹೊತ್ತಿಗೆ ಬಿಗಿ ಬಂದಿರಬೇಕು. ಬಿಗಿ ಬಂದೂ ಬಾಯಿ ಸೊಟ್ಟಗಿದ್ದರೆ ಹಿಂದಕ್ಕೆ ತಿರುಗಿಸಿ ನೇರ ಮಾಡಬೇಡಿ, ಖಂಡಿತ ಸೋರುತ್ತದೆ. ಬಿಚ್ಚಿ, ಟೇಪ್ ಹೆಚ್ಚು ಕಡಿಮೆ ಮಾಡಿ ಮತ್ತೆ ಹಾಕಿ.

ಕಾಲು ಸುತ್ತಿನ ನಲ್ಲಿಯಾದರೆ

ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ನಿಲ್ಲುವ ಹೊಸ ನಮೂನೆ ನಲ್ಲಿಗಳಲ್ಲಿ ಮೇಲೆ ಹೇಳಿದ ವಾಷರ್ ಇರುವುದಿಲ್ಲ. ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಡ್ಜ್ ಇರುತ್ತದೆ. ಬೋರ್ ನೀರಿನ ಜೊತೆ ಬರುವ ಸಣ್ಣ ಮರಳು ಈ ಬಿಲ್ಲೆಗಳ ನಡುವೆ ಸಿಕ್ಕಿ ಗೀರುತ್ತದೆ. ಬಿಚ್ಚುವ ವಿಧಾನ ಅದೇ. ತೊಳೆದು ಹಾಕಿ ನೋಡಿ, ನಿಲ್ಲದಿದ್ದರೆ ಪೂರ್ತಿ ಕಾರ್ಟ್ರಿಡ್ಜ್ ಬದಲಾಯಿಸಿ. ಉದ್ದ, ಹಲ್ಲು ಒಂದೊಂದು ಕಂಪನಿಯದು ಒಂದೊಂದು ಥರ. ಹಳೆಯದನ್ನು ತೋರಿಸದೆ ತರಬೇಡಿ. ನನ್ನ ಕೇಳಿದರೆ ಗಿಡಕ್ಕೆ ನೀರು ಬಿಡುವ ನಲ್ಲಿಗೆ ಹಳೇ ಕಾಲದ ತಿರುಗಿಸುವ ಹಿತ್ತಾಳೆಯದೇ ಒಳ್ಳೆಯದು. ನೋಡಲು ಚೆಂದ ಇಲ್ಲದಿದ್ದರೂ ಅದರ ವಾಷರ್ ಯಾವ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ.

ಕೆಲಸ ಮುಗಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮೊದಲು ಕೆಂಪು ನೀರು, ಗಾಳಿ ಬರಬಹುದು, ಬಿಟ್ಟುಬಿಡಿ. ನಲ್ಲಿ ಮುಚ್ಚಿ, ಒರೆಸಿ, ಬುಡಕ್ಕೆ ಒಂದು ಚೂರು ಪೇಪರ್ ಒತ್ತಿ ನೋಡಿ. ಒಸರುತ್ತಿದ್ದರೆ ಪೇಪರ್ ಕೂಡಲೇ ಹೇಳುತ್ತದೆ. ಗಿಡಕ್ಕೆ ಹಾಕುವ ಪೈಪನ್ನು ನಲ್ಲಿಗೆ ಸಿಕ್ಕಿಸಿಯೇ ಬಿಡುವ ಅಭ್ಯಾಸವಿದ್ದರೆ ಅದನ್ನು ತೆಗೆದಿಡಿ. ನೀರು ತುಂಬಿದ ಪೈಪಿನ ಭಾರಕ್ಕೆ, ಮಕ್ಕಳು ಎಳೆದಾಡುವುದಕ್ಕೆ ಗೋಡೆಯ ಜಾಯಿಂಟ್ ಮತ್ತೆ ಅಲುಗುತ್ತದೆ.