ಹಳೆಯ ಮೋಟಾರ್‌ಸೈಕಲ್‌ಗೆ ಹೊಸ ಬಿಡಿಭಾಗ: ಜೋಡಿಸುವ ಮುನ್ನ ಗುಣಮಟ್ಟ ಪರೀಕ್ಷಿಸುವ ಬಗೆ

ಹಳೆಯ ಮೋಟಾರ್‌ಸೈಕಲ್ಲೊಂದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಲು ಹೊರಟವರು, ಕಳಚಿದ ಯಾವ ಭಾಗವನ್ನೂ, ಅದು ಎಷ್ಟೇ ಸವೆದಿರಲಿ, ಮುರಿದೇ ಹೋಗಿರಲಿ, ಗುಜರಿಗೆ ಹಾಕದೆ ಚೀಟಿ ಕಟ್ಟಿ ತೆಗೆದಿಡಬೇಕು. ತಯಾರಿಕೆ ನಿಂತು ದಶಕಗಳೇ ಕಳೆದ ಗಾಡಿಗಳಿಗೆ ಇಂದು ಸಿಗುವ ಬದಲಿ ಭಾಗಗಳಲ್ಲಿ ಎಷ್ಟೋ ಭಾಗಗಳು ಮೂಲ ಕಂಪನಿಯ ನಕ್ಷೆಯನ್ನು ನೋಡಿ ಮಾಡಿದವಲ್ಲ. ಯಾರದೋ ಕೈಗೆ ಸಿಕ್ಕ ಹಳೆಯ ಮಾದರಿಯೊಂದನ್ನು ಅಳೆದು ಮಾಡಿದವು. ಆ ಮಾದರಿಯೇ ಸವೆದಿದ್ದರೆ ಅದರ ಸವೆತವೂ ಹೊಸ ಭಾಗದೊಳಗೆ ಸೇರಿಕೊಳ್ಳುತ್ತದೆ. ಆಗ ಸರಿತಪ್ಪು ಹೇಳಬಲ್ಲ ಸಾಕ್ಷಿ ಎಂದರೆ ನಿಮ್ಮ ಗಾಡಿಯಿಂದ ಕಳಚಿದ ಭಾಗ, ಅದರಲ್ಲೂ ಅದರ ಸವೆಯದ ಅಂಚುಗಳು.

ಎಲ್ಲ ಭಾಗಗಳಿಗೂ ಒಂದೇ ಮಟ್ಟದ ಪರೀಕ್ಷೆ ಬೇಕಿಲ್ಲ. ಇದು ಓಡುವಾಗ ಕೈಕೊಟ್ಟರೆ ಏನಾಗುತ್ತದೆ ಎಂದು ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಿ. ಟೂಲ್‌ಬಾಕ್ಸಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಅರ ಹಿಡಿದು ತಿದ್ದಬಹುದು. ಬ್ರೇಕ್, ಆ್ಯಕ್ಸಲ್, ಚಕ್ರದ ಕಡ್ಡಿ, ಹ್ಯಾಂಡಲ್, ಎಂಜಿನ್ನಿನ ಒಳಭಾಗಗಳ ವಿಷಯದಲ್ಲಿ ಮಾತ್ರ ಡಬ್ಬದ ಮೇಲಿನ ಹೆಸರನ್ನಾಗಲಿ ಮಾರುವವರ ಭರವಸೆಯನ್ನಾಗಲಿ ನಂಬದೆ ನೀವೇ ಅಳೆಯಬೇಕು. ಇದಕ್ಕೆ ದೊಡ್ಡ ಕಾರ್ಖಾನೆಯೇನೂ ಬೇಡ. ವರ್ನಿಯರ್, ಮೈಕ್ರೋಮೀಟರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳ ಕಟ್ಟು), ಥ್ರೆಡ್ ಗೇಜ್ (ಬೋಲ್ಟಿನ ಸುತ್ತು ಗುರುತಿಸುವ ಹಲ್ಲಿನ ತಗಡುಗಳು), ಗ್ರಾಂ ತೋರಿಸುವ ತಕ್ಕಡಿ ಮತ್ತು ಒಂದು ಅಯಸ್ಕಾಂತ ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ.

ಪಿಸ್ಟನ್ನಿನಲ್ಲಿ ಅನೇಕರು ಎಡವುವುದು ಕ್ರಮದಲ್ಲಿ. ಓವರ್‌ಸೈಜ್ (ಮೂಲಕ್ಕಿಂತ ತುಸು ದೊಡ್ಡ ಅಳತೆಯ) ಪಿಸ್ಟನ್ ಕೈಗೆ ಬರುವ ಮೊದಲೇ ಸಿಲಿಂಡರನ್ನು ಬೋರ್ ಮಾಡಿಸಬೇಡಿ, ಎಂದರೆ ಒಳಗೋಡೆಯನ್ನು ಕೊರೆಸಿ ಅಗಲ ಮಾಡಿಸಬೇಡಿ. ಒಂದೇ ಅಳತೆಯ ಗುರುತಿರುವ ಎರಡು ಪಿಸ್ಟನ್‌ಗಳ ನಡುವೆಯೂ ಕೂದಲೆಳೆಯ ವ್ಯತ್ಯಾಸ ಇರಬಹುದು, ಮತ್ತು ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಪಿಸ್ಟನ್ ಬಿಸಿಗೆ ಹಿಗ್ಗಿ ಹಿಡಿದುಕೊಳ್ಳಲು ಆ ಕೂದಲೆಳೆಯೇ ಸಾಕು. ಪಿಸ್ಟನ್ನಿನ ಅಳತೆಯನ್ನು ಅದರ ಸ್ಕರ್ಟಿನ (ರಿಂಗುಗಳ ಕೆಳಗಿನ ಗೋಡೆಯ) ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ ತೆಗೆದು, ಆ ಅಂಕಿಗೆ ಹೊಂದುವಂತೆ ಬೋರ್ ಮಾಡಿಸಬೇಕು. ಹಳೆಯದನ್ನೂ ಹೊಸದನ್ನೂ ತೂಗಿ ನೋಡಿ. ಜೋಡಿ ಸಿಲಿಂಡರಿನ ಎಂಜಿನ್ನಾದರೆ ಎರಡು ಹೊಸ ಪಿಸ್ಟನ್‌ಗಳ ನಡುವೆ ಒಂದೆರಡು ಗ್ರಾಂಗಿಂತ ಹೆಚ್ಚು ಅಂತರ ಇರಬಾರದು, ಹಳೆಯದಕ್ಕಿಂತ ಹೊಸದು ತೀರಾ ಭಾರವಾಗಿದ್ದರೆ ಗಾಡಿ ನಡುಗುವುದು ಹೆಚ್ಚುತ್ತದೆ.

ರಿಂಗುಗಳನ್ನು ಪಿಸ್ಟನ್ನಿಗೆ ಹಾಕುವ ಮೊದಲು ಒಂದೊಂದಾಗಿ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನನ್ನೇ ತಲೆಕೆಳಗು ಮಾಡಿ ಒತ್ತಿ, ಎರಡು ಮೂರು ಸೆಂಟಿಮೀಟರ್ ಒಳಕ್ಕೆ ನೇರವಾಗಿ ಕೂರಿಸಿ. ಈಗ ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿದರೆ ರಿಂಗು ಗೋಡೆಗೆ ಸುತ್ತಲೂ ಅಂಟಿಕೊಂಡಿರಬೇಕು. ತುದಿಗಳ ಸಂದಿನ ಹೊರತು ಬೇರೆಲ್ಲಾದರೂ ಬೆಳಕಿನ ಗೆರೆ ಕಂಡರೆ ಆ ರಿಂಗು ದುಂಡಗಿಲ್ಲ, ಹಿಂದಿರುಗಿಸಿ. ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಮ್ಯಾನ್ಯುಯಲ್ ಹೇಳುವ ಅಂಕಿಯೇ ಪ್ರಮಾಣ. ಅದು ಸಿಗದಿದ್ದರೆ ಬೋರಿನ (ಸಿಲಿಂಡರಿನ ಒಳವ್ಯಾಸದ) ಪ್ರತಿ 25 ಮಿ.ಮೀ.ಗೆ ಸುಮಾರು 0.1 ಮಿ.ಮೀ. ಎಂಬ ವಾಡಿಕೆಯ ಲೆಕ್ಕವಿದೆ, ಎಂದರೆ 70 ಮಿ.ಮೀ. ಬೋರಿಗೆ 0.28ರ ಆಸುಪಾಸು. ಸಂದು ಕಡಿಮೆಯಿದ್ದರೆ ನಯವಾದ ಅರದಿಂದ ಉಜ್ಜಿ ಸರಿಪಡಿಸಬಹುದು. ಹೆಚ್ಚಿದ್ದರೆ ಆ ರಿಂಗು ಆ ಬೋರಿಗೆ ಬಾರದು.

ನಟ್ಟು ಬೋಲ್ಟುಗಳಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ 5/16 ಇಂಚಿನ ಬೋಲ್ಟಿಗೆ ಇಂಚಿಗೆ ಸೈಕಲ್ ಥ್ರೆಡ್ಡಾದರೆ 26, ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಆದರೆ 22 ಸುತ್ತುಗಳಿರುತ್ತವೆ, ನಂತರದ ವರ್ಷಗಳಲ್ಲಿ ಬಂದ ಯುಎನ್‌ಎಫ್ (ಯೂನಿಫೈಡ್ ಫೈನ್) ಥ್ರೆಡ್ಡಿನಲ್ಲಿ 24. ಇವುಗಳ ಪಕ್ಕದಲ್ಲಿ 8 ಮಿ.ಮೀ. ಮೆಟ್ರಿಕ್ ಬೋಲ್ಟನ್ನು ಇಟ್ಟರೆ ದಪ್ಪದಲ್ಲಿ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. 1/4 ಇಂಚಿನಲ್ಲಂತೂ ಬಿಎಸ್‌ಎಫ್ ಮತ್ತು ಸೈಕಲ್ ಥ್ರೆಡ್ ಎರಡಕ್ಕೂ ಇಂಚಿಗೆ 26 ಸುತ್ತುಗಳೇ, ಆದರೆ ಮೊದಲನೆಯದರ ಹಲ್ಲಿನ ಕೋನ 55 ಡಿಗ್ರಿ, ಎರಡನೆಯದರದು 60. ಹಾಗಾಗಿ ಸುತ್ತು ಎಣಿಸಿದರೆ ಸಾಲದು, ಗೇಜನ್ನು ಥ್ರೆಡ್ಡಿನೊಳಗೆ ಕೂರಿಸಿ ಬೆಳಕಿಗೆ ಹಿಡಿಯಬೇಕು. ಹೊಸ ನಟ್ಟು ಬೆರಳಿನಲ್ಲೇ ಕೊನೆಯತನಕ ತಿರುಗಬೇಕು. ಎರಡು ಸುತ್ತಿನ ನಂತರ ಸ್ಪ್ಯಾನರ್ ಬೇಕಾಯಿತೆಂದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ಹಾಳಾಗುವುದು ಮತ್ತೆಲ್ಲೂ ಸಿಗದ ಕ್ರ್ಯಾಂಕ್‌ಕೇಸಿನ ಥ್ರೆಡ್.

ಹೊಳೆಯುತ್ತದೆ ಎಂಬ ಕಾರಣಕ್ಕೆ ಎಲ್ಲೆಡೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು 450 ಮೆಗಾಪಾಸ್ಕಲ್ ಒತ್ತಡದ ಸುಮಾರಿಗೇ ಶಾಶ್ವತವಾಗಿ ಹಿಗ್ಗತೊಡಗಿದರೆ, 8.8 ದರ್ಜೆಯ ಉಕ್ಕಿನ ಬೋಲ್ಟು 640ರವರೆಗೆ ತಾಳುತ್ತದೆ. ಮಡ್‌ಗಾರ್ಡಿಗೆ, ದೀಪದ ಹಿಡಿಕೆಗೆ ಸ್ಟೇನ್‌ಲೆಸ್ ಇರಲಿ. ಬ್ರೇಕಿನ ಆಂಕರಿಗೆ, ಎಂಜಿನ್ ಹಿಡಿದಿಡುವ ಜಾಗಕ್ಕೆ, ಆ್ಯಕ್ಸಲ್ಲಿಗೆ ಬೇಡ.

ಬೇರಿಂಗುಗಳನ್ನು ಮೋಟಾರ್‌ಸೈಕಲ್ ಭಾಗವೆಂದು ಕೊಳ್ಳುವ ಅಗತ್ಯ ಬಹಳ ಸಲ ಇರುವುದಿಲ್ಲ. ಹಳೆಯದರ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡು, ಹೆಸರಾಂತ ತಯಾರಕರ ಅಧಿಕೃತ ವಿತರಕರಲ್ಲಿ ಅದೇ ಸಂಖ್ಯೆಯದನ್ನು ಕೇಳಿದರೆ ಸಾಕು. 6205 ಎಂದರೆ ಯಾವ ದೇಶದಲ್ಲಿ ಮಾಡಿದ್ದಾದರೂ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಸಂಖ್ಯೆಯ ಕೊನೆಗೆ ಸಿ3 ಎಂದಿದ್ದರೆ ಅದನ್ನು ಬಿಡಬೇಡಿ. ಒಳಗಿನ ಗುಂಡುಗಳಿಗೆ ಹೆಚ್ಚಿನ ಸಡಿಲವಿದೆ ಎಂಬುದರ ಗುರುತು ಅದು. ಬಿಸಿಯಾಗುವ ಕ್ರ್ಯಾಂಕ್ ಬೇರಿಂಗಿಗೆ ಆ ಸಡಿಲ ಬೇಕು. ಹೆಸರಾಂತ ಬ್ರ್ಯಾಂಡುಗಳ ನಕಲಿ ಬೇರಿಂಗುಗಳು ಅಸಲಿಯಂಥದೇ ಡಬ್ಬಗಳಲ್ಲಿ ಬರುವುದರಿಂದ ನೋಟಕ್ಕಿಂತ ಕೊಳ್ಳುವ ಮೂಲವೇ ಮುಖ್ಯ.

ರಬ್ಬರಿನ ವಿಷಯದಲ್ಲಿ ‘ಹಳೆಯ ದಾಸ್ತಾನಿನ ಅಸಲಿ ಭಾಗ’ ಎಂಬ ಮಾತಿಗೆ ಮರುಳಾಗಬೇಡಿ. ಗೇರು, ಸ್ಪಿಂಡಲ್‌ಗಳಂಥ ಲೋಹದ ಭಾಗಗಳು ತುಕ್ಕು ಹಿಡಿಯದೆ ಉಳಿದಿದ್ದರೆ ಅಪ್ಪಟ ಚಿನ್ನ. ಆದರೆ ಐವತ್ತು ವರ್ಷ ಡಬ್ಬದಲ್ಲೇ ಕುಳಿತ ಆಯಿಲ್ ಸೀಲು ಗಟ್ಟಿಯಾಗಿರುತ್ತದೆ, ಬ್ರೇಕ್ ಶೂವಿನ ಅಂಟು ಬಿಟ್ಟುಕೊಳ್ಳಬಹುದು. ಆ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಅವನ್ನು ಉಜ್ಜುವುದು, ಧೂಳನ್ನು ಗಾಳಿ ಹೊಡೆದು ಹಾರಿಸುವುದು ಅಪಾಯ. ಹೊಸ ರಬ್ಬರಿಗೂ ಎಥನಾಲ್ ಬೆರೆತ ಪೆಟ್ರೋಲು ತಾಳುವ ಶಕ್ತಿ ಇರಬೇಕು. ಕಾರ್ಬ್ಯುರೇಟರಿನ ಓ-ರಿಂಗು, ಪೆಟ್ರೋಲ್ ಪೈಪಿನ ಒಂದು ತುಂಡು, ಫ್ಲೋಟು (ಪೆಟ್ರೋಲಿನ ಮಟ್ಟ ಕಾಯುವ ತೇಲುಬುಂಡೆ) ಇವುಗಳನ್ನು ಅಳೆದು, ತೂಗಿ, ನೀವು ಬಳಸುವ ಪೆಟ್ರೋಲನ್ನೇ ತುಂಬಿದ ಗಾಜಿನ ಸೀಸೆಯಲ್ಲಿ ಮುಚ್ಚಿ, ಬೆಂಕಿಯಿಂದ ದೂರ, ಒಂದು ವಾರ ಇಟ್ಟು ಮತ್ತೆ ಅಳೆಯಿರಿ. ಊದಿಕೊಂಡಿದ್ದರೆ, ಬೆರಳಿಗೆ ಅಂಟಿದರೆ, ಫ್ಲೋಟಿನ ತೂಕ ಏರಿದ್ದರೆ ಅವು ಎಂಜಿನ್ನಿನ ಹತ್ತಿರ ಸುಳಿಯಬಾರದು.

ಕಣ್ಣಿಗೆ ಕಾಣದ ದೋಷ ಹೆಚ್ಚಾಗಿ ಅಡಗಿರುವುದು ಇಗ್ನಿಷನ್ನಿನ (ಎಂಜಿನ್ನಿಗೆ ಕಿಡಿ ಕೊಡುವ ವ್ಯವಸ್ಥೆಯ) ಕಂಡೆನ್ಸರಿನಲ್ಲಿ. ನನ್ನ ಗಾಡಿಯೊಂದು ಹೊಸ ಕಂಡೆನ್ಸರ್ ಹಾಕಿದ ಮೇಲೆ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಕೆಮ್ಮಿ ನಿಂತುಬಿಡುತ್ತಿತ್ತು. ತಣ್ಣಗಾದರೆ ಒಂದೇ ಕಿಕ್ಕಿಗೆ ಎದ್ದುಕೊಳ್ಳುತ್ತಿತ್ತು. ಎರಡು ಭಾನುವಾರ ಕಾರ್ಬ್ಯುರೇಟರನ್ನೇ ಬಿಚ್ಚಿ ತೊಳೆದೆ. ಕೊನೆಗೆ ಕಂಡೆನ್ಸರನ್ನು ಕಳಚಿ ಮೀಟರಿಗೆ ಸಿಕ್ಕಿಸಿದಾಗ 0.2 ಮೈಕ್ರೋಫ್ಯಾರಡ್ ಎಂದು ಸರಿಯಾಗಿಯೇ ತೋರಿಸಿತು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟ ಕೂಡಲೇ ಅಂಕಿ ಕುಸಿಯತೊಡಗಿತು. ಅಂದಿನಿಂದ ಹೊಸ ಕಂಡೆನ್ಸರನ್ನು ಬಿಸಿ ಮಾಡಿ ಅಳೆಯದೆ ಹಾಕುವುದಿಲ್ಲ. ಇಗ್ನಿಷನ್ನಿನ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪಾಯಿಂಟಿನಲ್ಲಿ ದೊಡ್ಡ ಕಿಡಿ ಹಾರುವುದು, ಅದರ ಮುಖ ಬೇಗ ಗುಳಿ ಬೀಳುವುದು ಇದೇ ದೋಷದ ಲಕ್ಷಣಗಳು.

ಸ್ಪ್ರಾಕೆಟ್ಟಿನ ಹಲ್ಲಿನ ಪಕ್ಕಕ್ಕೆ ನಯವಾದ ಅರವನ್ನು ಒಮ್ಮೆ ತಾಗಿಸಿ ನೋಡಿ. ಗಟ್ಟಿ ಮಾಡಿದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆದುವಾದುದನ್ನು ಕಚ್ಚುತ್ತದೆ. ಟಯರಿನ ಪಕ್ಕದ ನಾಲ್ಕಂಕಿಯನ್ನು ಓದಿ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಕ್ರೋಮಿನ ಹೊಳಪನ್ನು ಹೊರಮೈಯಲ್ಲಿ ನೋಡಿದರೆ ಏನೂ ತಿಳಿಯದು. ತುಕ್ಕನ್ನು ತಡೆಯುವುದು ಕ್ರೋಮಿನ ಅಡಿಯ ನಿಕಲ್ ಪದರ, ಅದನ್ನು ತೆಳುವಾಗಿ ಎಳೆದಿದ್ದರೆ ಮೊದಲು ಗೊತ್ತಾಗುವುದು ಮಡ್‌ಗಾರ್ಡಿನ ಒಳಮಡಿಕೆಯಲ್ಲಿ, ಸೈಲೆನ್ಸರಿನ ಬೆಸುಗೆಯ ಸಂದುಗಳಲ್ಲಿ.

ತಗಡಿನ ಭಾಗಗಳನ್ನೆಲ್ಲ ಬಣ್ಣಕ್ಕೆ ಕೊಡುವ ಮೊದಲು ಚಾಸಿಗೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ತೂತುಗಳು ಸೇರದಿದ್ದರೆ ಆಗಲೇ ತಿಳಿಯುತ್ತದೆ, ಮತ್ತು ಬಣ್ಣ ಬಳಿಯದ, ಬಳಸದ ಭಾಗವನ್ನು ಹಿಂದಿರುಗಿಸುವುದೂ ಸುಲಭ. ಮೊದಲ ನೂರು ಕಿಲೋಮೀಟರ್ ಓಡಿಸಿದ ಮೇಲೆ ಸಿಲಿಂಡರ್ ಹೆಡ್ಡಿನ ನಟ್ಟು, ಚಕ್ರದ ಕಡ್ಡಿಗಳು, ಚೈನಿನ ಬಿಗಿ, ಟ್ಯಾಪೆಟ್ ಇವನ್ನು ಮತ್ತೊಮ್ಮೆ ನೋಡಿಕೊಂಡು, ಆಯಿಲ್ ಬದಲಿಸುವಾಗ ಹಳೆಯ ಆಯಿಲ್ಲಿನೊಳಗೆ ಅಯಸ್ಕಾಂತ ಆಡಿಸಿ. ತುದಿಗೆ ನುಣ್ಣನೆಯ ಬೂದುಬಣ್ಣದ ಪುಡಿ ಅಂಟಿದರೆ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿವೆ ಎಂದರ್ಥ, ಮಿನುಗುವ ಚೂರುಗಳು ಅಂಟಿದರೆ ಎಂಜಿನ್ ಬಿಚ್ಚಲೇಬೇಕು.